ಗಾಳಿಗೂ ಲೆಕ್ಕ ಬೇಕು

ಸಿಮೆಂಟಿನ ಚೀಲ ನಾವು ಎಣಿಸುತ್ತೇವೆ. ಕಬ್ಬಿಣದ ಸರಳು ತೂಗುತ್ತೇವೆ. ಉಸುಕು ಎಷ್ಟು ಟ್ರಿಪ್ ಬಂತು ಎಂದು ಗೋಡೆಯ ಮೇಲೆ ಗೆರೆ ಹಾಕುತ್ತೇವೆ. ಆದರೆ ಗಾಳಿಯ ಲೆಕ್ಕ ಯಾರು ಇಡುತ್ತಾರೆ?

ಗಾಳಿಗೆ ಎಂಥಾ ಲೆಕ್ಕ, ಅದು ಪುಕ್ಕಟೆ ಅಲ್ಲವೇ ಅನ್ನಬಹುದು. ಬಯಲ ಗಾಳಿ ಪುಕ್ಕಟೆ, ಹೌದು. ಕಂಪ್ರೆಸರ್ ಒತ್ತಿ ತುಂಬಿದ ಗಾಳಿ ಪುಕ್ಕಟೆ ಅಲ್ಲ. ಅದರ ಹಿಂದೆ ಡೀಸೆಲ್ ಇದೆ, ಕರೆಂಟು ಇದೆ. ಅದು ಸೋರಿದರೆ ದುಡ್ಡು ಸೋರಿತು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮೇಲೆ ಕರಿ ಎರಿಮಣ್ಣು. ಬಹಳ ಕಡೆ ಕೆಳಗೆ ಗಟ್ಟಿ ಕಲ್ಲು. ಆಳಂದದ ಅಮರ್ಜಾ ಅಣೆಕಟ್ಟು, ಅಫಜಲಪುರದ ಸೊನ್ನ ಬ್ಯಾರೇಜು ನಾವು ನೋಡಿದ ದೊಡ್ಡ ಕೆಲಸಗಳು. ಕೆಲಸ ದೊಡ್ಡದಿರಲಿ, ಹೊಲದ ಬಾವಿ ಇರಲಿ, ಕಲ್ಲು ಸಿಕ್ಕಿತೆಂದರೆ ಕೊರೆಯಬೇಕು. ಆಗ ಟ್ರ್ಯಾಕ್ಟರ್ ಕಂಪ್ರೆಸರ್ ಬರುತ್ತದೆ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮವರು ಅಲ್ಲಿಯೂ ಇದೇ ಯಂತ್ರ ನೋಡುತ್ತಾರೆ.

ಡೀಸೆಲ್ ಎಲ್ಲಿ ಹೋಯಿತು?

ಒಂದು ಹಳ್ಳಕ್ಕೆ ಸಣ್ಣ ಸೇತುವೆ ಕಟ್ಟುತ್ತಿದ್ದಾರೆ ಎಂದುಕೊಳ್ಳೋಣ. ಬುನಾದಿಗೆ ಕಲ್ಲು ಕೊರೆಯುವ ಕೆಲಸ ನಡೆದಿದೆ. ಒಂದು ಅಡಿಗೆ ಇಷ್ಟು ಎಂದು ಗುತ್ತಿಗೆ. ಡೀಸೆಲ್ ಖರ್ಚು ಕೆಲಸಗಾರರದೇ. ಡೀಸೆಲ್ ಹೆಚ್ಚು ಸುಟ್ಟರೆ ಎಲ್ಲರ ಕೂಲಿಗೂ ಪೆಟ್ಟು.

ಶುಕ್ರವಾರ ಮುಂಜಾನೆ ಮೇಸ್ತ್ರಿ ಸಿಟ್ಟಿನಲ್ಲಿದ್ದ. ಕಂಪ್ರೆಸರ್ ನೋಡಿಕೊಳ್ಳುವ ಹುಡುಗನನ್ನು ಕರೆದ.

"ನಿನ್ನೆ 28 ಲೀಟರ್ ಹೋಗ್ಯಾದ. ಕೆಲಸ ನೋಡಿದ್ರ ಏನೂ ಇಲ್ಲ. ಎಲ್ಲಿ ಹೋಯ್ತೋ ಡೀಸೆಲ್?"

"ನಾ ಮುಟ್ಟಿಲ್ರಿ ಕಾಕಾ. ನಮ್ಮವ್ವನ ಆಣಿ."

"ಹಂಗಾದ್ರ ಯಾರು ಕುಡದ್ರು? ನಾಳಿಂದ ನೀ ಕೆಲಸಕ್ಕ ಬರಬ್ಯಾಡ."

ಹುಡುಗನ ಕಣ್ಣಲ್ಲಿ ನೀರು ಬಂತು. ಅಲ್ಲೇ ಕಲ್ಲು ಹೊರುತ್ತಿದ್ದ ಅಕ್ಕ ಬುಟ್ಟಿ ಕೆಳಗಿಟ್ಟಳು. ಆಕೆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು. ದಿನಾ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಕೆಲಸದ ಲೆಕ್ಕ ಬರೆಯುತ್ತಿದ್ದಳು.

"ಕಾಕಾ, ಬೈಬ್ಯಾಡ್ರಿ. ಬರದಿಟ್ಟದ್ದು ಅದ. ನೋಡೋಣು ಬರ್ರಿ," ಅಂದಳು.

ನೋಟ್‌ಬುಕ್ಕಿನಲ್ಲಿ ಹೀಗಿತ್ತು:

ಸೋಮವಾರ: ಎಂಜಿನ್ ಓಡಿದ್ದು 6 ಗಂಟೆ. ಡೀಸೆಲ್ 24 ಲೀಟರ್. ಕೊರೆದದ್ದು 120 ಅಡಿ.
ಬುಧವಾರ: ಎಂಜಿನ್ ಓಡಿದ್ದು 6 ಗಂಟೆ. ಡೀಸೆಲ್ 24 ಲೀಟರ್. ಕೊರೆದದ್ದು 96 ಅಡಿ.
ಗುರುವಾರ: ಎಂಜಿನ್ ಓಡಿದ್ದು 7 ಗಂಟೆ. ಡೀಸೆಲ್ 28 ಲೀಟರ್. ಕೊರೆದದ್ದು 84 ಅಡಿ.

ಈಗ ನಾವೂ ಲೆಕ್ಕ ಮಾಡೋಣ.

ಮೊದಲು ಡೀಸೆಲನ್ನು ಗಂಟೆಯಿಂದ ಭಾಗಿಸೋಣ. ಸೋಮವಾರ ಗಂಟೆಗೆ 4 ಲೀಟರ್. ಬುಧವಾರ 4 ಲೀಟರ್. ಗುರುವಾರವೂ 4 ಲೀಟರ್. ಯಾರಾದರೂ ಡೀಸೆಲ್ ಕದ್ದಿದ್ದರೆ ಈ ಲೆಕ್ಕ 5 ಅಥವಾ 6 ಆಗಬೇಕಿತ್ತು. ಆಗಿಲ್ಲ. ಹುಡುಗ ಕಳ್ಳ ಅಲ್ಲ.

ಇನ್ನು ಅಡಿಯನ್ನು ಲೀಟರಿನಿಂದ ಭಾಗಿಸೋಣ. ಸೋಮವಾರ ಒಂದು ಲೀಟರಿಗೆ 5 ಅಡಿ. ಬುಧವಾರ 4 ಅಡಿ. ಗುರುವಾರ 3 ಅಡಿ. ಡೀಸೆಲ್ ಎಂಜಿನ್ನಿಗೇ ಹೋಗಿದೆ. ಆದರೆ ಅದರ ಶಕ್ತಿ ಕಲ್ಲಿಗೆ ಮುಟ್ಟಿಲ್ಲ.

ಕಲ್ಲು ಅದೇ ಕಲ್ಲು. ಕೊರೆಯುವ ಬಿಟ್ ಹೊಸದು. ಹಾಗಾದರೆ ನಡುವೆ ಏನೋ ಸೋರುತ್ತಿದೆ. ಹುಡುಗ ಸಾಬೂನಿನ ನೀರು ಕಲಸಿ ಪೈಪಿನ ಜೋಡಣೆಗಳಿಗೆ ಹಚ್ಚಿದ. ಒಂದು ಕಡೆ ಬುರುಗು ಗುಳ್ಳೆ ಗುಳ್ಳೆಯಾಗಿ ಎದ್ದಿತು. ಕ್ಲಿಪ್ಪು ಸಡಿಲಾಗಿ, ಪೈಪು ಸೀಳಿತ್ತು. ಕ್ಲಿಪ್ಪು, ಪೈಪು ಬದಲಿಸಿದರು. ಶನಿವಾರ 24 ಲೀಟರಿಗೆ ಮತ್ತೆ 120 ಅಡಿ ಕೊರೆದರು.

ಮೇಸ್ತ್ರಿ ಹುಡುಗನ ಬೆನ್ನ ಮೇಲೆ ಕೈ ಇಟ್ಟು, "ತಪ್ಪಾಯ್ತಪಾ ತಮ್ಮಾ," ಅಂದ.

ಗಾಳಿ ಯಾಕೆ ಇಷ್ಟು ತುಟ್ಟಿ?

ಸೈಕಲ್ಲಿಗೆ ಗಾಳಿ ಹೊಡೆದು ನೋಡಿ. ಪಂಪು ಬಿಸಿಯಾಗುತ್ತದೆ. ನಮ್ಮ ತೋಳಿನ ಶಕ್ತಿ ಸ್ವಲ್ಪ ಹೀಗೆ ಬಿಸಿಯಾಗಿ ಹೋಯಿತು. ದೊಡ್ಡ ಕಂಪ್ರೆಸರಿನಲ್ಲೂ ಹೀಗೇ. ಅದಕ್ಕೆ ಕೊಟ್ಟ ಶಕ್ತಿಯನ್ನು ನೂರು ಪಾಲು ಮಾಡಿದರೆ, ಕೊನೆಗೆ ಕೆಲಸಕ್ಕೆ ಸಿಗುವುದು ಸುಮಾರು ಹತ್ತು ಪಾಲು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಬಿಸಿಯಾಗಿ ಹೋಗುತ್ತದೆ. ಇಷ್ಟು ಕಷ್ಟಪಟ್ಟು ತುಂಬಿದ ಗಾಳಿ ಸೋರಬಾರದು.

ಪೈಪಿನಲ್ಲಿ 3 ಮಿಲಿಮೀಟರ್ ತೂತು ಬಿತ್ತು ಎನ್ನೋಣ. 7 ಕೆ.ಜಿ. ಒತ್ತಡದಲ್ಲಿ ಆ ಸಣ್ಣ ತೂತು ಗಂಟೆಗೆ ಸುಮಾರು 3 ಯೂನಿಟ್ ಕರೆಂಟು ತಿನ್ನುತ್ತದೆ. 10 ಗಂಟೆಗೆ 30 ಯೂನಿಟ್. 100 ವ್ಯಾಟಿನ ಬಲ್ಬು 10 ಗಂಟೆ ಉರಿದರೆ 1 ಯೂನಿಟ್. ಅಂದರೆ ಆ ತೂತು ಹಗಲೆಲ್ಲಾ 30 ಬಲ್ಬು ಉರಿಸಿದಂತೆ!

ಗಾಳಿ ಸಾಲದು ಎಂದು ಕೆಲವರು ಒತ್ತಡ ಏರಿಸುತ್ತಾರೆ. ಇದು ತಪ್ಪು. 1 ಕೆ.ಜಿ. ಒತ್ತಡ ಏರಿಸಿದರೆ ನೂರಕ್ಕೆ 6–7 ಪಾಲು ಖರ್ಚು ಏರುತ್ತದೆ. ಸೋರುವುದೂ ಹೆಚ್ಚಾಗುತ್ತದೆ.

ಊಟದ ಹೊತ್ತಿನ ಪರೀಕ್ಷೆ

ಸೋರುವ ಗಾಳಿಯನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಒಂದು ಗಡಿಯಾರ ಸಾಕು.

ಊಟದ ಹೊತ್ತಿಗೆ ಗಾಳಿಯ ಕೆಲಸ ಎಲ್ಲಾ ನಿಲ್ಲಿಸಿ. ಕಂಪ್ರೆಸರ್ ಮಾತ್ರ ಓಡಲಿ. ಟ್ಯಾಂಕು ತುಂಬಿದಾಗ ಅದರ ಸದ್ದು ಹಗುರಾಗುತ್ತದೆ. ಎಲ್ಲೂ ಸೋರದಿದ್ದರೆ ಮತ್ತೆ ತುಂಬುವ ಕೆಲಸವೇ ಇರುವುದಿಲ್ಲ. ಸೋರಿದರೆ ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಭಾರವಾಗುತ್ತದೆ. 10 ನಿಮಿಷದಲ್ಲಿ ಒಟ್ಟು ಎಷ್ಟು ನಿಮಿಷ ಭಾರವಾಗಿ ಓಡಿತು, ಬರೆದುಕೊಳ್ಳಿ. 2 ನಿಮಿಷ ಓಡಿತೇ? ಹಾಗಾದರೆ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಸೋರುತ್ತಿದೆ.

ರಾತ್ರಿ ಓಡುವ ಮೀಟರು

ನಮ್ಮ ಮೂರೂ ತಾಲ್ಲೂಕುಗಳಿಗೆ 2002ರಿಂದ ಕರೆಂಟು ಕೊಡುವುದು ಜೆಸ್ಕಾಂ. ಕಟ್ಟಡ ಕಟ್ಟುವ ಜಾಗದಲ್ಲಿಯೂ ಮೀಟರು ಇರುತ್ತದೆ. ಆದರೆ ಬಿಲ್ಲು ಬರುವ ತನಕ ಅದನ್ನು ಯಾರೂ ನೋಡುವುದಿಲ್ಲ.

ನಾವು ದಿನಕ್ಕೆ ಎರಡು ಸಲ ನೋಡೋಣ. ಕೆಲಸ ಶುರುವಾಗುವಾಗ ಒಮ್ಮೆ, ಮುಗಿದಾಗ ಒಮ್ಮೆ.

ಮುಂಜಾನೆ: 4520
ಸಂಜೆ: 4568
ಮರುದಿನ ಮುಂಜಾನೆ: 4580

ಹಗಲು 48 ಯೂನಿಟ್ ಹೋಯಿತು. ಅದು ಕೆಲಸಕ್ಕೆ. ರಾತ್ರಿ 12 ಯೂನಿಟ್ ಹೋಯಿತು. ಅದು ಯಾತಕ್ಕೆ? ಕಾವಲಿನ ದೀಪಕ್ಕೆ ಒಂದೆರಡು ಯೂನಿಟ್ ಸಾಕು. ಕಂಪ್ರೆಸರ್ ಬಂದ್ ಮಾಡಲು ಮರೆತರೇ? ನೀರಿನ ಮೋಟಾರು ಓಡುತ್ತಲೇ ಇತ್ತೇ? ಕರೆಂಟಿನ ಕಂಪ್ರೆಸರ್ ಸುಮ್ಮನೆ ಓಡುತ್ತಿದ್ದರೂ ಪೂರ್ತಿ ಕೆಲಸದ ಕರೆಂಟಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತಿನ್ನುತ್ತದೆ. ಬರೆದಿಟ್ಟರೆ ಕೇಳಬಹುದು. ಬರೆಯದಿದ್ದರೆ ಕೇಳಲು ಏನೂ ಇರುವುದಿಲ್ಲ.

ಜೀವ ಮೊದಲು

ಗಾಳಿಯ ಪೈಪಿನಿಂದ ಮೈ ಮೇಲಿನ ಧೂಳು ಹೊಡೆಯಬಾರದು. ಒತ್ತಡದ ಗಾಳಿ ಮೈಯೊಳಗೆ ಹೊಕ್ಕರೆ ಜೀವ ಹೋಗಬಹುದು.

ಸೋರುವ ಜಾಗ ಹುಡುಕಲು ಬೆರಳು ಇಡಬಾರದು. ಸಾಬೂನಿನ ನೀರು ಹಚ್ಚಬೇಕು.

ಜೋಡಣೆ ಬಿಚ್ಚುವ ಮೊದಲು ಗಾಳಿ ಪೂರ್ತಿ ಹೊರಗೆ ಬಿಡಬೇಕು. ಇಲ್ಲದಿದ್ದರೆ ಪೈಪು ಹಾವಿನಂತೆ ಹೊರಳಿ ಹೊಡೆಯುತ್ತದೆ.

ಕಲ್ಲು, ಕಾಂಕ್ರೀಟು ಕೊರೆಯುವಾಗ ನೀರು ಬಿಡಬೇಕು. ಒಣ ಧೂಳು ಎದೆಗೆ ಕೆಟ್ಟದ್ದು. ಕಿವಿ, ಕಣ್ಣು, ಮೂಗಿಗೆ ಮರೆ ಇರಲಿ.

ನಮ್ಮ ನೋಟ್‌ಬುಕ್ಕು

ಒಂದು ನೋಟ್‌ಬುಕ್ಕು ತನ್ನಿ. ಗೆರೆ ಎಳೆದು ಐದು ಮನೆ ಮಾಡಿ. ತಾರೀಖು, ಓಡಿದ ಗಂಟೆ, ಡೀಸೆಲ್ ಅಥವಾ ಯೂನಿಟ್, ಆದ ಕೆಲಸ, ರಿಪೇರಿ. ದಿನಾ ಐದು ನಿಮಿಷದ ಕೆಲಸ. ಹನಿ ಹನಿ ಕೂಡಿದರೆ ಹಳ್ಳ. ಹನಿ ಹನಿ ಸೋರಿದರೆ ತುಂಬಿದ ಕೊಡವೂ ಖಾಲಿ.

ಆ ಅಕ್ಕ ಬರೆದದ್ದು ನಾಲ್ಕೇ ಅಂಕಿ. ಅವು ಡೀಸೆಲ್ ಉಳಿಸಿದವು. ಒಬ್ಬ ಹುಡುಗನ ಮಾನವನ್ನೂ ಉಳಿಸಿದವು. ನಾವು ಕಲಿತ ಅಕ್ಷರ ಇಂಥ ಕೆಲಸಕ್ಕೆ ಬರಲಿ.

ಅಭ್ಯಾಸ

1. ಹುಡುಗ ಡೀಸೆಲ್ ಕದ್ದಿಲ್ಲ ಎಂದು ನೋಟ್‌ಬುಕ್ಕಿನಿಂದ ಹೇಗೆ ತಿಳಿಯಿತು?
2. ಎಂಜಿನ್ 5 ಗಂಟೆ ಓಡಿತು. 20 ಲೀಟರ್ ಡೀಸೆಲ್ ಹೋಯಿತು. 60 ಅಡಿ ಕೊರೆದರು. ಒಂದು ಲೀಟರಿಗೆ ಎಷ್ಟು ಅಡಿ? ಏನೋ ಸೋರುತ್ತಿರಬಹುದೇ?
3. ನಿಮ್ಮ ಮನೆಯ ಮೀಟರು ರಾತ್ರಿ ಒಮ್ಮೆ, ಮುಂಜಾನೆ ಒಮ್ಮೆ ನೋಡಿ ಬರೆಯಿರಿ. ಎಷ್ಟು ಯೂನಿಟ್ ಹೋಗಿದೆ?