ಹಾಲುಣಿಸುವ ತಾಯಂದಿರ ಹಕ್ಕು: ಮಾಲೀಕರು ತಿಳಿದಿರಬೇಕಾದ ಸಂಗತಿಗಳು

2020ರ ಮೇ ತಿಂಗಳಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಿಂದ ಹಸುಗೂಸೊಂದು ಕಳುವಾಯಿತು. ಸುಮಾರು ಒಂದು ವರ್ಷದ ನಂತರ ಪತ್ತೆಯಾದ ಮಗುವಿಗಾಗಿ ಹೆತ್ತ ತಾಯಿ ಮತ್ತು ಸಾಕಿದ ತಾಯಿಯ ವ್ಯಾಜ್ಯ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಬಂದಿತು. ಎದೆಹಾಲುಣಿಸುವುದು ತಾಯಿಯಿಂದ ಕಸಿಯಲಾಗದ ಹಕ್ಕು, ಅದಕ್ಕೆ ಸಂವಿಧಾನದ 21ನೇ ವಿಧಿಯ ರಕ್ಷಣೆಯಿದೆ, ಶಿಶುವಿನ ಹಕ್ಕೂ ಅದರೊಡನೆ ಬೆಸೆದುಕೊಂಡಿದೆ ಎಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 2021ರಲ್ಲಿ ತೀರ್ಪಿತ್ತರು. ಮಗು ಹೆತ್ತ ತಾಯಿಯ ಮಡಿಲು ಸೇರಿತು.

ಈ ತತ್ತ್ವ ಅಂಗಡಿ, ಕಾರ್ಖಾನೆಗಳ ಹೊಸ್ತಿಲನ್ನೂ ಮುಟ್ಟುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದ ಸ್ತ್ರೀಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯುಂಟು. ಕೆಲಸಕ್ಕೆ ಮರಳಿದ ಮೇಲೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ಎಂದಿನ ವಿಶ್ರಾಂತಿಯ ಹೊರತಾಗಿ ದಿನಕ್ಕೆ ಎರಡು ಬಾರಿ ಹಾಲುಣಿಸಲು ಬಿಡುವು ಕೊಡಬೇಕು. ಆ ಬಿಡುವಿಗಾಗಿ ಸಂಬಳದಲ್ಲಿ ಕಡಿತ ಮಾಡುವಂತಿಲ್ಲ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ.

ವರ್ತಕರು ಎಡವುವುದು ಎಣಿಕೆಯಲ್ಲಿ. ಹತ್ತು ನೌಕರರಿರುವ ಅಂಗಡಿಗೆ ಈ ಅಧ್ಯಾಯ ಅನ್ವಯಿಸುತ್ತದೆ. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ ಹತ್ತು ಮಂದಿ ಇದ್ದರೂ ಸಾಕು. ಎಂಟು ಜನರಿಂದ ನಡೆಯುವ ಶಿವಾಜಿನಗರದ ಬಟ್ಟೆ ಅಂಗಡಿಯೊಂದು ರಂಜಾನ್ ವ್ಯಾಪಾರಕ್ಕೆ ಮೂವರನ್ನು ಹೆಚ್ಚುವರಿಯಾಗಿ ತೆಗೆದುಕೊಂಡಿತೆನ್ನೋಣ. ಹಬ್ಬ ಮುಗಿದು ಅವರು ಹೊರಟುಹೋದರೂ ಹೊಣೆ ಹೋಗುವುದಿಲ್ಲ. ಶಿಶುವಿಹಾರದ ವಿಷಯದಲ್ಲಿಯೂ ಹಾಗೆಯೇ. ಹಳೆಯ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಸ್ತ್ರೀ ಕಾರ್ಮಿಕರನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ಈಗಿನ ಲೆಕ್ಕ 50 ನೌಕರರು, ಗಂಡಸರೂ ಸೇರಿ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರುವ ಹಕ್ಕಿದೆ.

ಈ ನಿಯಮಗಳ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ, ಸ್ತ್ರೀಯರು ದುಡಿಯುವ ಕಡೆ ಪ್ರದರ್ಶಿಸತಕ್ಕದ್ದು. ಹಲಸೂರು, ದಂಡು ಪ್ರದೇಶಗಳಲ್ಲಿ ಕನ್ನಡದ ಜೊತೆಗೆ ತಮಿಳು, ಉರ್ದುವಿನಲ್ಲಿಯೂ ಹಾಕಿದರೆ ಓದುವವರಿಗೆ ಉಪಕಾರ.

ಗಿರಾಕಿಯಾಗಿ ಬಂದ ತಾಯಿಯ ವಿಷಯ ಬೇರೆ. ಆಕೆ ಅಂಗಡಿಯಲ್ಲಿ ಕುಳಿತು ಹಾಲುಣಿಸಿದರೆ ಅದು ಅಪರಾಧವಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿಗಳ ಬಗ್ಗೆ 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ ನೀಡಿದ ನಿರ್ದೇಶನ ಸರ್ಕಾರಗಳಿಗೆ ಸಂಬಂಧಿಸಿದ್ದು, ಖಾಸಗಿ ಅಂಗಡಿಗಳಿಗಲ್ಲ. ಆದರೂ ಒಂದು ಕುರ್ಚಿ, ಒಂದು ಪರದೆಗೆ ತಗಲುವ ವೆಚ್ಚ ಅತ್ಯಲ್ಪ.

ವೆಚ್ಚದ ನಿಜವಾದ ಪ್ರಶ್ನೆಯಿರುವುದು ಸಣ್ಣ ಕೈಗಾರಿಕೆಗಳಲ್ಲಿ. ಇ.ಎಸ್.ಐ. ವಿಮೆಗೆ ಒಳಪಟ್ಟ ಕೆಲಸಗಾರ್ತಿಯ ಹೆರಿಗೆ ಭತ್ಯೆಯನ್ನು ನಿಗಮವೇ ಭರಿಸುತ್ತದೆ. ಶಿಶುವಿಹಾರಕ್ಕೆ ಜಾಗವಿಲ್ಲವೆನ್ನುವವರಿಗೆ ಸಂಹಿತೆಯೇ ದಾರಿ ತೋರಿದೆ: ಹಲವು ಸಂಸ್ಥೆಗಳು ಕೂಡಿ ಒಂದೇ ಶಿಶುವಿಹಾರ ನಡೆಸಬಹುದು. ಕೆ.ಆರ್. ಪುರ, ಮಹದೇವಪುರದ ನೆರೆಹೊರೆಯ ಘಟಕಗಳು ಬಾಡಿಗೆಯನ್ನೂ ಆಯಾಗಳ ಸಂಬಳವನ್ನೂ ಹಂಚಿಕೊಂಡರೆ, ನುರಿತ ಕೆಲಸಗಾರ್ತಿ ಮಗುವಿನ ಕಾರಣಕ್ಕೆ ಕೆಲಸ ಬಿಡುವ ಪ್ರಮೇಯ ಬರಲಾರದು.