ಕಾಲೇಜಿಗಿಂತ ಮೊದಲು ಸೀಟು ಕೇಳಿ

ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಬಗೆಯ ಶುಲ್ಕ ಕಟ್ಟಿರುತ್ತಾರೆ: ಒಬ್ಬರದು ಸಿಇಟಿ ಸೀಟು, ಇನ್ನೊಬ್ಬರದು ಕಾಮೆಡ್-ಕೆ, ಮತ್ತೊಬ್ಬರದು ಮ್ಯಾನೇಜ್‌ಮೆಂಟ್ ಕೋಟಾ. ಪಾಠ, ಲ್ಯಾಬು, ಪದವಿ ಎಲ್ಲ ಒಂದೇ. ಆದ್ದರಿಂದ ಯಾವ ಕಾಲೇಜು ಅಗ್ಗ ಎಂದು ವಿಚಾರಿಸುವ ಮುಂಚೆ ಯಾವ ಸೀಟು ಎಂದು ಕೇಳಬೇಕು.

ಸೀಟಿಗೊಂದು ಶುಲ್ಕ ಎಂಬುದು ಇಂದಿನ ಜಗಳವಲ್ಲ. 1989ರಲ್ಲಿ ಕರ್ನಾಟಕ ಸರ್ಕಾರದ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಮಿತಿ ಹಾಕಿತ್ತು. ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಸೀಟಿಗಿಂತ ಹೆಚ್ಚಿನ ಈ ಶುಲ್ಕವನ್ನು ಕ್ಯಾಪಿಟೇಷನ್ ಶುಲ್ಕವೆಂದೇ (ಸೀಟು ಕೊಡಲು ವಸೂಲಿ ಮಾಡುವ ಹಣ) ಪರಿಗಣಿಸಿ ತಳ್ಳಿಹಾಕಿತು. ಹತ್ತು ವರ್ಷದ ಬಳಿಕ ಅದೇ ಕೋರ್ಟಿನ ಟಿ.ಎಂ.ಎ. ಪೈ ತೀರ್ಪು ಅನುದಾನರಹಿತ ಕಾಲೇಜುಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ಕೊಟ್ಟಿತು. ಲಾಭಕೋರತನಕ್ಕೆ, ಕ್ಯಾಪಿಟೇಷನ್‌ಗೆ ಅವಕಾಶ ಕೊಡಲಿಲ್ಲ. ಅಂದರೆ ಶುಲ್ಕ ದುಬಾರಿ ಎಂಬ ಒಂದೇ ಕಾರಣಕ್ಕೆ ಅದು ಅಕ್ರಮವಾಗದು. ಆದರೆ ಸೀಟಿಗಾಗಿ ರಸೀದಿಯಿಲ್ಲದೆ ಕೇಳುವ ಡೊನೇಷನ್, ‘ಕಟ್ಟಡ ನಿಧಿ’ ಎಂಬ ಹೆಸರು ಹೊತ್ತು ಬಂದರೂ, 1984ರ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯಡಿ ಜೈಲು ಶಿಕ್ಷೆಗೆ ದಾರಿಯಾಗಬಲ್ಲ ಅಪರಾಧ.

ಹೋಲಿಕೆಗೆ ಕೂರುವಾಗ ಏಜೆಂಟರ ಮಾತು ಬಿಟ್ಟು ಪ್ರಾಸ್ಪೆಕ್ಟಸ್ ಹಿಡಿಯಿರಿ. ಯುಜಿಸಿಯ 2023ರ ನಿಯಮಗಳ ಪ್ರಕಾರ ಪ್ರವೇಶ ಆರಂಭಕ್ಕೆ ಕನಿಷ್ಠ 60 ದಿನ ಮೊದಲು ಅದನ್ನು ಪ್ರಕಟಿಸಬೇಕು. ಶುಲ್ಕದ ಪ್ರತಿಯೊಂದು ಬಾಬ್ತು, ಠೇವಣಿ ಎಲ್ಲ ಅದರಲ್ಲಿರಬೇಕು. ಮೊದಲ ವರ್ಷದ್ದಲ್ಲ, ಕೋರ್ಸು ಮುಗಿಯುವವರೆಗಿನ ಮೊತ್ತ ಕೂಡಿಸಿ ನೋಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಸೀಟುಗಳಿವೆ (ನಮ್ಮಲ್ಲಿ ಎಸ್‌ಎನ್‌ಕ್ಯು ಎನ್ನುತ್ತಾರೆ). ಬೋಧನಾ ಶುಲ್ಕ ಮಾತ್ರ ಮಾಫಿ, ಇತರ ಶುಲ್ಕ ಕಟ್ಟಲೇಬೇಕು. ಸಾಲವೇ ಗತಿಯಾದರೆ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ.

ಹೆಚ್ಚಿನವರು ಹಣ ಕಳೆದುಕೊಳ್ಳುವುದು ಸೀಟು ಬದಲಿಸುವಾಗ. ಒಂದು ಕಡೆ ಬಿ.ಎಸ್ಸಿ.ಗೆ ಕಟ್ಟಿ, ಆಮೇಲೆ ಬೇರೆಡೆ ಸೀಟು ಸಿಕ್ಕರೆ ಕಟ್ಟಿದ್ದು ಹೋಯಿತೆಂದು ಕೈಚೆಲ್ಲುತ್ತಾರೆ. ಹಾಗಿಲ್ಲ. ಯುಜಿಸಿಯ 2018ರ ಅಧಿಸೂಚನೆ ಹೀಗಿದೆ: ಪ್ರಕಟಿತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸು (ಪ್ರಕ್ರಿಯಾ ವೆಚ್ಚವಾಗಿ ಶೇ. 5, ಗರಿಷ್ಠ 5,000 ರೂಪಾಯಿ ಕಳೆಯಬಹುದು), ನಂತರ, ಕೊನೆಯ ದಿನಾಂಕದೊಳಗಾದರೆ ಶೇ. 90, ದಿನಾಂಕ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಠೇವಣಿ ಮಾತ್ರ ಯಾವಾಗ ಬಿಟ್ಟರೂ ಪೂರ್ತಿ ವಾಪಸಾಗಬೇಕು. ಇತ್ತೀಚಿನ ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರವಾದ ಗಡುವುಗಳನ್ನೂ ಕೊಟ್ಟಿದೆ, ಆಯಾ ವರ್ಷದ ಸುತ್ತೋಲೆ ನೋಡಿ. ತಾಂತ್ರಿಕ ಕೋರ್ಸುಗಳಿಗೆ ಎಐಸಿಟಿಇ ನಿಯಮ ಬೇರೆ.

ಇನ್ನು ಮೂಲ ಅಂಕಪಟ್ಟಿ, ಟಿ.ಸಿ. ಇಟ್ಟುಕೊಂಡು ಸತಾಯಿಸುವ ಚಾಳಿ. ಪರಿಶೀಲಿಸಿ ಅಲ್ಲೇ ಮರಳಿಸಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ. ಕೊಡದಿದ್ದರೆ ಮೊದಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಯುಜಿಸಿಯ 2023ರ ನಿಯಮಗಳಂತೆ ಸಮಿತಿ ಸಾಧ್ಯವಾದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ ಮುಂದಿನ 15 ದಿನದಲ್ಲಿ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.