ಬತ್ತಿದ ಸರೋವರದ ಬಯಲು

ಸರೋವರವೆಂದರೆ ನೀರು ತುಂಬಿದ ತಾಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ವರ್ಷದ ಬಹುಭಾಗ ಒಂದು ಹನಿ ನೀರೂ ಇಲ್ಲದಿದ್ದರೂ ಭೂಗೋಳಶಾಸ್ತ್ರಜ್ಞರು ಸರೋವರದ ಪಾತ್ರವೆಂದೇ ಗುರುತಿಸುವ ಬಯಲುಗಳು ಭೂಮಿಯ ಮೇಲೆ ಅನೇಕವಿವೆ. ಇವಕ್ಕೆ ಸ್ಪ್ಯಾನಿಷ್ ಭಾಷೆಯಿಂದ ಬಂದ ‘ಪ್ಲಾಯಾ’ ಎಂಬ ಹೆಸರು ರೂಢಿಯಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡ ರಾಜ್ಯದ ವಾಯವ್ಯ ಭಾಗದಲ್ಲಿರುವ ಬ್ಲ್ಯಾಕ್ ರಾಕ್ ಮರುಭೂಮಿಯ ಬಯಲು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ರೀನೋ ನಗರದಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿ, ಇದು ಸುಮಾರು 500 ಚದರ ಕಿಲೋಮೀಟರ್ ಹರಡಿಕೊಂಡಿದೆ. ಅಂಚಿನಲ್ಲಿ ಎದ್ದುನಿಂತಿರುವ ಒಂದು ಕಪ್ಪು ಬಂಡೆಯ ಗುಡ್ಡದಿಂದಲೇ ಈ ಪ್ರದೇಶಕ್ಕೆ ಹೆಸರು ಬಂದಿದೆ. ಗಿಡವಿಲ್ಲದ, ಕಲ್ಲಿಲ್ಲದ, ಏರಿಳಿತವಿಲ್ಲದ ಈ ಬಿಳಿಚು ನೆಲ ಹೇಗೆ ಉಂಟಾಯಿತು? ಅಲ್ಲಿ ಜೀವಿಗಳು ಹೇಗೆ ಬದುಕುತ್ತವೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರಿಸೋಣ.

ಹಿಂದಿನ ಮಹಾಸರೋವರ

ಬಯಲಿನ ಸುತ್ತಲಿನ ಬೆಟ್ಟಗಳ ಮೈಮೇಲೆ ಒಂದರ ಮೇಲೊಂದರಂತೆ ಅಡ್ಡಗೆರೆಗಳು ಕಾಣುತ್ತವೆ. ಬೇಸಗೆಯಲ್ಲಿ ನೀರು ಇಳಿದಂತೆಲ್ಲ ನಮ್ಮ ಕೆರೆಯ ಏರಿಯ ಮೇಲೆ ಹಳೆಯ ನೀರಿನ ಮಟ್ಟದ ಗುರುತು ಉಳಿಯುವುದನ್ನು ನೀವು ನೋಡಿರಬಹುದು. ಈ ಗೆರೆಗಳೂ ಅಂಥವೇ. ಅಲೆಗಳು ಬಡಿದು ಬಡಿದು ಕೊರೆದ ಹಳೆಯ ದಡಗಳು. ಇಸ್ರೇಲ್ ರಸೆಲ್ ಎಂಬ ಭೂವಿಜ್ಞಾನಿ ಇವನ್ನು ವಿವರವಾಗಿ ಅಭ್ಯಾಸ ಮಾಡಿ, ‘ಲಹಾಂಟನ್’ ಎಂಬ ಮಹಾಸರೋವರದ ಚರಿತ್ರೆಯನ್ನು 1885ರಲ್ಲಿ ಪ್ರಕಟಿಸಿದನು. ಹಿಮಯುಗದ ಕೊನೆಯ ಭಾಗದಲ್ಲಿ, ಅಂದರೆ ಇಂದಿಗೆ ಸುಮಾರು 15,000 ವರ್ಷಗಳ ಹಿಂದೆ, ಈ ಸರೋವರ ಸುಮಾರು 22,000 ಚದರ ಕಿಲೋಮೀಟರ್ ವಿಸ್ತಾರವಾಗಿತ್ತು. ಇಂದು ಒಣನೆಲವಾಗಿರುವ ಈ ಬಯಲಿನ ಮೇಲೆ ಆಗ ಸುಮಾರು 150 ಮೀಟರ್ ಆಳದ ನೀರು ನಿಂತಿತ್ತು. ದಡದಲ್ಲಿ ಮ್ಯಾಮತ್ ಎಂಬ ಬೃಹತ್ ಆನೆಗಳು ತಿರುಗಾಡುತ್ತಿದ್ದವು. ಅಂಥ ಒಂದು ಪ್ರಾಣಿಯ ಅಸ್ಥಿಪಂಜರ 1979ರಲ್ಲಿ ಇಲ್ಲಿ ದೊರಕಿತು.

ಅಷ್ಟು ನೀರು ಎಲ್ಲಿ ಹೋಯಿತು? ಈ ಜಲಾನಯನ ಪ್ರದೇಶಕ್ಕೆ ಸಮುದ್ರದ ಕಡೆ ಹೊರದಾರಿಯಿಲ್ಲ. ಕ್ವಿನ್ ನದಿ ಈ ಬಯಲಿಗೆ ಬಂದು ಇಲ್ಲಿಯೇ ಇಂಗಿ ಆವಿಯಾಗಿ ಮುಗಿಯುತ್ತದೆ. ಹೀಗೆ ಮುಚ್ಚಿದ ಬೋಗುಣಿಯಲ್ಲಿ ನೀರಿನ ಲೆಕ್ಕ ಬಹಳ ಸರಳ: ಒಳಬರುವುದು ಮಳೆ, ಹೊಳೆ, ಹಿಮ, ಹೊರಹೋಗುವುದು ಬಹುಮಟ್ಟಿಗೆ ಆವಿ. ಇಂದು ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗೂ ಕಡಿಮೆ; ತೆರೆದ ನೀರಿನಿಂದ ಆವಿಯಾಗಬಲ್ಲ ಪ್ರಮಾಣವಾದರೋ ಒಂದು ಮೀಟರಿಗಿಂತ ಹೆಚ್ಚು. ಹಿಮಯುಗ ಮುಗಿದು ಹವೆ ಬೆಚ್ಚಗಾದಂತೆ ವೆಚ್ಚವು ಆದಾಯವನ್ನು ಮೀರಿತು, ಸರೋವರ ಬತ್ತಿತು. ಪಿರಮಿಡ್ ಸರೋವರ ಮೊದಲಾದ ಕೆಲವು ತುಣುಕುಗಳು ಮಾತ್ರ ಇಂದಿಗೂ ಉಳಿದುಕೊಂಡಿವೆ.

ಮಳೆಯನ್ನು ತಡೆಯುವ ಪರ್ವತ

ಪೆಸಿಫಿಕ್ ಸಾಗರದಿಂದ ಬೀಸುವ ತೇವದ ಗಾಳಿ ಇಲ್ಲಿಗೆ ಬರಬೇಕಾದರೆ ಸಿಯೆರಾ ನೆವಾಡದಂಥ ಪರ್ವತಶ್ರೇಣಿಗಳನ್ನು ದಾಟಬೇಕು. ಏರುವ ಗಾಳಿ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಒಂದು ಉದಾಹರಣೆಯಿಂದ ಇದರ ಪರಿಣಾಮವನ್ನು ತಿಳಿಯಬಹುದು. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಗಾಳಿ ಏರತೊಡಗಿತೆನ್ನಿ. ಮೋಡ ಕಟ್ಟುವ ತನಕ ಅದು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. 1,000 ಮೀಟರ್ ಎತ್ತರದಲ್ಲಿ ಅದು 5 ಡಿಗ್ರಿಗೆ ಇಳಿದು ಅಲ್ಲಿ ಮೋಡ ಕಟ್ಟಿತೆಂದು ಭಾವಿಸೋಣ. ಅಲ್ಲಿಂದ ಮುಂದೆ ನೀರಾವಿ ಹನಿಯಾಗುವಾಗ ಬಿಡುಗಡೆಯಾಗುವ ಗುಪ್ತೋಷ್ಣದ ದೆಸೆಯಿಂದ ತಣಿಯುವಿಕೆ ಕಿಲೋಮೀಟರಿಗೆ ಸುಮಾರು 6 ಡಿಗ್ರಿಗೆ ಇಳಿಯುತ್ತದೆ. 3,000 ಮೀಟರ್ ಎತ್ತರದ ಶಿಖರದಲ್ಲಿ ಗಾಳಿ ಶೂನ್ಯಕ್ಕಿಂತ 7 ಡಿಗ್ರಿ ಕೆಳಗಿರುತ್ತದೆ. ತೇವದ ಬಹುಪಾಲು ಮಳೆಯಾಗಿ, ಹಿಮವಾಗಿ ಪಶ್ಚಿಮದ ಇಳಿಜಾರಿನಲ್ಲೇ ಸುರಿದುಹೋಗಿರುತ್ತದೆ. ಇನ್ನು ಆಚೆ ಬದಿಗೆ 1,200 ಮೀಟರ್ ಮಟ್ಟಕ್ಕೆ ಇಳಿಯುವಾಗ ಅದು ಪುನಃ ಕಿಲೋಮೀಟರಿಗೆ 10 ಡಿಗ್ರಿಯಂತೆ, ಒಟ್ಟು 18 ಡಿಗ್ರಿ ಕಾಯುತ್ತದೆ. 11 ಡಿಗ್ರಿಗೆ ಬರುತ್ತದೆ. ಏರುವಾಗ ಅದೇ ಎತ್ತರದಲ್ಲಿ ಅದರ ಉಷ್ಣತೆ 4 ಡಿಗ್ರಿಗಿಂತ ಕೊಂಚ ಕಡಿಮೆಯಿತ್ತು. ಹೀಗೆ ಪರ್ವತದ ಮರೆಯಲ್ಲಿರುವ ನಾಡಿಗೆ ದೊರಕುವುದು ಬೆಚ್ಚಗಿನ ಒಣಗಾಳಿ. ಸಹ್ಯಾದ್ರಿಯ ಆಗುಂಬೆಯಲ್ಲಿ ಮಳೆ ಧಾರಾಕಾರವಾಗಿ ಸುರಿದರೂ ಅದರ ಮೂಡಲಿನ ಚಿತ್ರದುರ್ಗದ ಬಯಲು ಒಣಗಿರುವುದಕ್ಕೂ ಇದೇ ತತ್ತ್ವ ಕಾರಣ.

ಒಣಗಾಳಿಗೆ ಇನ್ನೊಂದು ಗುಣವಿದೆ. ನೆಲವು ರಾತ್ರಿ ಹೊರಸೂಸುವ ಅವಗೆಂಪು ಕಿರಣಗಳನ್ನು ತಡೆಹಿಡಿಯುವ ನೀರಾವಿ ಅದರಲ್ಲಿ ಅಲ್ಪ. ಆದುದರಿಂದ ಬೇಸಗೆಯ ಹಗಲು 38 ಡಿಗ್ರಿಯ ಆಸುಪಾಸಿಗೆ ಏರಿದರೂ ರಾತ್ರಿ ಬಹಳ ತಂಪು. ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ.

ನೆಲದ ಸಮತಲ

ಚಳಿಗಾಲ ಹಾಗೂ ವಸಂತದಲ್ಲಿ ಬಯಲಿನ ಮೇಲೆ ತೆಳುವಾದ ನೀರಿನ ಹಾಳೆ ನಿಲ್ಲುವುದುಂಟು. ಸುತ್ತಲಿನಿಂದ ಹರಿದು ಬಂದ ನಯವಾದ ಜೇಡಿ ಆ ನೀರಿನಲ್ಲಿ ತೇಲಾಡಿ, ಗಾಳಿ ದೂಡಿದತ್ತ ಸಾಗಿ, ತಗ್ಗಿದ್ದಲ್ಲಿ ಕೆಳಗಿಳಿಯುತ್ತದೆ. ಜೇಡಿಯ ಪದರ ನೀರನ್ನು ಸುಲಭವಾಗಿ ಒಳಗೆ ಬಿಡದ ಕಾರಣ ನೀರು ಮುಖ್ಯವಾಗಿ ಆವಿಯಾಗಿಯೇ ಹೋಗಬೇಕು, ಲವಣಗಳು ಹಿಂದುಳಿಯುತ್ತವೆ. ಬೇಸಗೆಯಲ್ಲಿ ಜೇಡಿ ಸಂಕುಚಿಸಿ, ಒಣಗಿದ ಕೆರೆಯಂಗಳದಂತೆ ಬಹುಭುಜಾಕಾರದ ಹೆಂಟೆಗಳಾಗಿ ಬಿರಿಯುತ್ತದೆ. ಮುಂದಿನ ನೀರು ಈ ಬಿರುಕುಗಳನ್ನೂ ಚಕ್ರಗಳ ಗುರುತುಗಳನ್ನೂ ಅಳಿಸಿ ಹೊಸ ಹಾಳೆಯನ್ನು ಹಾಸುತ್ತದೆ.

ಈ ಬಯಲು ನಿಜವಾಗಿ ಸಮತಲವೆ? ನಿಂತ ನೀರಿನ ಮೇಲ್ಮೈಯಂತೆ ಸಮ ಎನ್ನುವುದು ಹೆಚ್ಚು ಸರಿ. ನೀರಿನ ಮೇಲ್ಮೈ ಭೂಗೋಲದೊಡನೆ ಬಾಗಿರುತ್ತದೆ. 20 ಕಿಲೋಮೀಟರ್ ಅಂತರದ ಎರಡು ಬಿಂದುಗಳ ನಡುವೆ ನೇರವಾದ ದಾರ ಎಳೆದಿದೆಯೆಂದು ಕಲ್ಪಿಸಿಕೊಂಡರೆ, ನಡುಮಧ್ಯದಲ್ಲಿ ನೆಲ ಆ ದಾರಕ್ಕಿಂತ ಸುಮಾರು 8 ಮೀಟರ್ ಮೇಲಿರುತ್ತದೆ! ಇಂಥ ನೆಲ ದೊರಕಿದ್ದರಿಂದಲೇ 1997ರ ಅಕ್ಟೋಬರ್ 15ರಂದು ‘ಥ್ರಸ್ಟ್ ಎಸ್‌ಎಸ್‌ಸಿ’ ಎಂಬ ಜೆಟ್ ವಾಹನವನ್ನು ಆಂಡಿ ಗ್ರೀನ್ ಗಂಟೆಗೆ ಸುಮಾರು 1,228 ಕಿಲೋಮೀಟರ್ ವೇಗದಲ್ಲಿ ಓಡಿಸಿ, ನೆಲದ ಮೇಲೆ ಧ್ವನಿಯ ವೇಗವನ್ನು ಮೀರಲು ಸಾಧ್ಯವಾಯಿತು. ಆದರೆ ಮಳೆ ಬಂದೊಡನೆ ಇದೇ ನೆಲ ಅಂಟು ಕೆಸರಾಗುತ್ತದೆ. 2023ರ ಸೆಪ್ಟೆಂಬರ್ ಆರಂಭದಲ್ಲಿ ಇಲ್ಲಿನ ವಾರ್ಷಿಕ ಉತ್ಸವಕ್ಕೆ ಸೇರಿದ್ದ ಹತ್ತಾರು ಸಾವಿರ ಜನ ಮಳೆಯಿಂದಾಗಿ ವಾಹನ ಕದಲಿಸಲಾಗದೆ ಕೆಲವು ದಿನ ಅಲ್ಲಿಯೇ ಸಿಕ್ಕಿಕೊಂಡರು.

ಕಣ್ಣಿಗೆ ಕಾಣುವ ನೀರು

ಉತ್ತರ ಪಾಯೂಟ್ ಜನರು ಬಹುಕಾಲದಿಂದ ಈ ನಾಡನ್ನೂ ಅದರ ಬುಗ್ಗೆಗಳನ್ನೂ ಬಲ್ಲವರು. ಹೊರಗಿನಿಂದ ಬಂದವರಿಗೆ ಆ ತಿಳಿವಳಿಕೆಯಿರಲಿಲ್ಲ. 1849ರಲ್ಲಿ ಕ್ಯಾಲಿಫೋರ್ನಿಯದ ಚಿನ್ನವನ್ನರಸಿ ಹೊರಟ ಅನೇಕರು ಹತ್ತಿರದ ದಾರಿಯೆಂದು ನಂಬಿ ಎತ್ತಿನ ಬಂಡಿಗಳೊಡನೆ ಈ ಕಡೆಗೆ ತಿರುಗಿದರು. ಒಂದು ಬುಗ್ಗೆಯಿಂದ ಬ್ಲ್ಯಾಕ್ ರಾಕ್‌ನ ಬುಗ್ಗೆಯವರೆಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ ನೀರಿಲ್ಲ. ದಾರಿಯುದ್ದಕ್ಕೂ ಸತ್ತುಬಿದ್ದ ಎತ್ತುಗಳನ್ನು ಗೋಲ್ಡ್ಸ್‌ಬರೋ ಬ್ರಫ್ ಎಂಬ ಪ್ರಯಾಣಿಕನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಮುಂದೆ ತಿಳಿನೀರು ಹೊಳೆಯುವಂತೆ ತೋರುತ್ತಿತ್ತು, ಅದು ಮರೀಚಿಕೆ.

ಕಾದ ನೆಲಕ್ಕೆ ತಾಗಿದ ಗಾಳಿ ವಿರಳವಾಗಿರುವುದರಿಂದ ಅದರ ವಕ್ರೀಭವನಾಂಕ ಮೇಲಿನ ಗಾಳಿಯದಕ್ಕಿಂತ ಕಡಿಮೆ. ಆಕಾಶದಿಂದ ನೆಲದತ್ತ ಬಹಳ ಓರೆಯಾಗಿ ಬರುವ ಕಿರಣ ಇಲ್ಲಿ ಕ್ರಮೇಣ ಬಾಗಿ ಮೇಲೆದ್ದು ನಮ್ಮ ಕಣ್ಣನ್ನು ಸೇರುತ್ತದೆ. ನಾವು ಕಾಣುವುದು ನೆಲದ ಮೇಲೆ ಬಿದ್ದ ಆಕಾಶದ ಬಿಂಬ. ಉಷ್ಣತೆಯ ವ್ಯತ್ಯಾಸ 20 ಡಿಗ್ರಿಯಿದ್ದರೆ ವಕ್ರೀಭವನಾಂಕದ ವ್ಯತ್ಯಾಸ ಸುಮಾರು ಲಕ್ಷದಲ್ಲಿ ಎರಡು ಭಾಗ ಮಾತ್ರ. ಇದರಿಂದ ಗಣಿಸಿದರೆ, ದೃಷ್ಟಿರೇಖೆ ನೆಲದೊಡನೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಕೋನ ಮಾಡಿದಾಗಲೇ ಬಿಂಬ ಕಾಣತೊಡಗುತ್ತದೆ. ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿರುವವನಿಗೆ ಆ ‘ನೀರು’ ಸುಮಾರು 250 ಮೀಟರ್ ದೂರದಲ್ಲಿ ಆರಂಭವಾಗುತ್ತದೆ. ಅವನು ನೂರು ಹೆಜ್ಜೆ ಮುಂದಿಟ್ಟರೆ ಅದೂ ನೂರು ಹೆಜ್ಜೆ ಹಿಂದೆ ಸರಿಯುತ್ತದೆ. ಬಾಯಾರಿದವನ ಬಲವನ್ನು ಇದು ಹೀಗೆಯೇ ಹೀರಿಬಿಡುತ್ತಿತ್ತು. ಕೊನೆಗೆ ಬ್ಲ್ಯಾಕ್ ರಾಕ್ ತಲಪಿದವರಿಗೆ ದೊರಕಿದ್ದು ಬಿಸಿನೀರಿನ ಬುಗ್ಗೆ, ಆರಿಸಿ ಕುಡಿಯಬೇಕಾಗಿತ್ತು.

ಕಾದು ಕುಳಿತ ಜೀವಗಳು

ನಡುಬಯಲಿನಲ್ಲಿ ಸಸ್ಯಗಳಿಲ್ಲ. ಆದರೂ ಆ ಧೂಳಿನಲ್ಲಿ ಜೀವವಿದೆ. ‘ಫೇರಿ ಶ್ರಿಂಪ್’ ಎಂಬ, ಸಿಗಡಿಗೆ ದೂರದ ಸಂಬಂಧಿಯಾದ ಪುಟ್ಟ ಪ್ರಾಣಿಯ ಮೊಟ್ಟೆಗಳು ಬಿಸಿಲು ಚಳಿಗಳೆರಡನ್ನೂ ಸಹಿಸಿ ಒಣಮಣ್ಣಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿರುತ್ತವೆ. ನೀರು ನಿಂತಾಗ ಅವು ಒಡೆದು, ಮರಿಗಳು ಕೆಲವೇ ವಾರಗಳಲ್ಲಿ ಬೆಳೆದು, ನೀರು ಆರುವ ಮೊದಲೇ ಮುಂದಿನ ಪೀಳಿಗೆಯ ಮೊಟ್ಟೆಗಳನ್ನಿಡುತ್ತವೆ. ಇವನ್ನು ತಿನ್ನಲು ವಲಸೆಹಕ್ಕಿಗಳು ಬಂದಿಳಿಯುತ್ತವೆ.

ಅಂಚಿನ ಉಪ್ಪುನೆಲದಲ್ಲಿ ಲವಣವನ್ನು ಸಹಿಸುವ ಕುರುಚಲು ಪೊದೆಗಳಿವೆ. ಅವುಗಳ ನಡುವೆ ಕಾಂಗರೂ ಇಲಿಗಳು ವಾಸಿಸುತ್ತವೆ. ಇವು ನೀರು ಕುಡಿಯದೆಯೇ ಬದುಕಬಲ್ಲವು. ಇದರಲ್ಲಿ ಪವಾಡವೇನೂ ಇಲ್ಲ. 180 ಗ್ರಾಂ ಗ್ಲೂಕೋಸ್ ಪೂರ್ಣವಾಗಿ ಆಕ್ಸೀಕರಣ ಹೊಂದಿದರೆ 108 ಗ್ರಾಂ ನೀರು ಉತ್ಪನ್ನವಾಗುತ್ತದೆಂದು ರಸಾಯನಶಾಸ್ತ್ರ ಓದಿದವರಿಗೆ ಗೊತ್ತು. ಕಾಳಿನಿಂದ ಹೀಗೆ ದೊರೆತ ನೀರನ್ನು ಇಲಿ ಅತಿ ಸಾಂದ್ರವಾದ ಮೂತ್ರವನ್ನು ವಿಸರ್ಜಿಸಿ, ಹಗಲು ಬಿಲದಲ್ಲಡಗಿ ಉಳಿಸಿಕೊಳ್ಳುತ್ತದೆ. ಉಳಿಯಂಥ ಹಲ್ಲುಳ್ಳ ಒಂದು ಜಾತಿಯಂತೂ ಪೊದೆಯ ಎಲೆಗಳ ಉಪ್ಪಿನ ಹೊರಪದರವನ್ನು ಹೆರೆದು ತೆಗೆದು ಒಳಗಿನ ರಸಭರಿತ ಭಾಗವನ್ನು ತಿನ್ನುತ್ತದೆ. ಬೆಟ್ಟಗಳ ಕಡೆಗೆ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಮೃಗ, ಕಯೋಟಿ ಎಂಬ ಕಾಡುನಾಯಿ, ದೊಡ್ಡ ಕಿವಿಯ ಮೊಲ ಕಾಣಸಿಗುತ್ತವೆ. ಉತ್ತರದ ಸೋಲ್ಜರ್ ಮೆಡೋಸ್‌ನ ಬಿಸಿಬುಗ್ಗೆಗಳಲ್ಲಿ ‘ಡೆಸರ್ಟ್ ಡೇಸ್’ ಎಂಬ ಪುಟ್ಟ ಮೀನು ಇದೆ. ಜಗತ್ತಿನ ಬೇರೆಲ್ಲಿಯೂ ಇದು ಸ್ವಾಭಾವಿಕವಾಗಿ ಇಲ್ಲ. ಆ ಬುಗ್ಗೆಗಳು ಕೆಟ್ಟರೆ ಈ ಜಾತಿಗೆ ಹೋಗಲು ಬೇರೆ ಜಾಗವಿಲ್ಲ.

2000ನೆಯ ಇಸವಿಯಲ್ಲಿ ಅಮೆರಿಕದ ಶಾಸನಸಭೆ ಈ ಬಯಲನ್ನೂ ಹಳೆಯ ವಲಸೆ ದಾರಿಗಳನ್ನೂ ಸಂರಕ್ಷಿತ ಪ್ರದೇಶವಾಗಿ ಘೋಷಿಸಿತು. ಬರಿಯ ಬಂಜರಿಗೆ ರಕ್ಷಣೆಯೇಕೆಂದು ಕೆಲವರಿಗೆ ತೋರಬಹುದು. ಆದರೆ ಈ ನೆಲ ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದು ಮರಳಿ ಮರಳಿ ಬರುವ ಆ ತೆಳುನೀರಿನಿಂದ ಮಾತ್ರ. ಮೇಲಿನ ಗಟ್ಟಿ ಪದರ ಒಡೆದು ಪುಡಿಯಾದರೆ ಅದನ್ನು ಗಾಳಿ ಹೊತ್ತೊಯ್ಯುತ್ತದೆ. ಹಾಗೆ ಹಾರುವ ಧೂಳಿನೊಡನೆ ಮುಂದಿನ ಮಳೆಗಾಗಿ ಕಾದಿರುವ ಮೊಟ್ಟೆಗಳೂ ಹಾರಿಹೋಗಬಲ್ಲವು.